ಹತ್ತಿಗೆ ನೀರು ಕುಡಿಸಿದ ಶಿವಶಂಕರಪ್ಪ

ಮಾಗನೂರು ಕಡೆಯ ಒಂದು ಊರು. ಕೃಷ್ಣಾ ನದಿ ಹತ್ತಿರದಲ್ಲೇ ಇದ್ದರೂ ಮೊದಲೆಲ್ಲ ಅದರ ನೀರು ಬರೀ ನೋಡಲಿಕ್ಕೆ ಇತ್ತು. ತೆಲಂಗಾಣ ಬೇರೆ ರಾಜ್ಯವಾದ ಮೇಲೆ ಊರ ಪಕ್ಕದ ಕಾಲುವೆಗೆ ನೀರು ಬಂತು, ಮೋಟರಿಗೆ ಕರೆಂಟು ಬಂತು. ಹೊಲದಲ್ಲಿ ಹತ್ತಿ ಮೊದಲಿನ ಎರಡರಷ್ಟು ಬೆಳೆಯಿತು. ಬೆಳೆ ಹೆಚ್ಚಾಯಿತು, ಸರಿ. ಹಾಗಾದರೆ ಸಂಕ್ರಾಂತಿ ಕಳೆದ ಕೂಡಲೇ ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ದುಡಿಯಲಿಕ್ಕೆ ಪುಣೆಯ ಲಾರಿ ಹತ್ತುವುದು ಯಾಕೆ ನಿಲ್ಲಲಿಲ್ಲ? ಈ ಪ್ರಶ್ನೆ ಕೇಳಿ ಕೇಳಿ ಗುರಮ್ಮನ ತಲೆ ಕೆಟ್ಟುಹೋಗಿತ್ತು. ಉತ್ತರ ಅವಳಿಗೆ ಗೊತ್ತಿತ್ತು. ಅರ್ಧ ಉತ್ತರ ಅವಳ ಮನೆಯಲ್ಲೇ ಇತ್ತು, ಅದರ ಹೆಸರು ಶಿವಶಂಕರಪ್ಪ.

ಶಿವಶಂಕರಪ್ಪ ಅವಳ ಗಂಡ. ಕುಡುಕನಲ್ಲ, ಸೋಮಾರಿಯಲ್ಲ, ಯಾರಿಗೂ ಕೇಡು ಬಗೆದವನಲ್ಲ. ಆದರೆ ಹತ್ತಿ ಮಾರುವ ದಿನ ಬೆಳಗಾದರೆ ಕೊಡ ಹಿಡಿದು ನಿಲ್ಲುತ್ತಿದ್ದ. ವರ್ಷವೆಲ್ಲ ದುಡಿದು ಬಿಡಿಸಿದ ಹತ್ತಿಯ ಮೇಲೆ ಚಿಮುಕು ಚಿಮುಕು ನೀರು ಎರಚುತ್ತಿದ್ದ. ಹತ್ತಿ ನೀರು ಕುಡಿದರೆ ತೂಕ ಬರುತ್ತದೆ ಎಂಬುದು ಅವನ ಲೆಕ್ಕ. ಅವನೊಬ್ಬನದೇ ಅಲ್ಲ, ಆ ಊರಿನ ಗಂಡಸರೆಲ್ಲರ ಲೆಕ್ಕ. ಪಕ್ಕದ ಮನೆಯವರ ಹತ್ತಿ ಹೇರಲಿಕ್ಕೆ ಕೈಜೋಡಿಸಿದವರು ಅದಕ್ಕೂ ಎರಡು ಕೊಡ ನೀರು ಹಾಕಿ ಬರಬೇಕು. ಹಾಕದಿದ್ದರೆ ಮನಸ್ಸಿಟ್ಟು ಕೆಲಸ ಮಾಡಲಿಲ್ಲ ಎಂಬ ಮಾತು!

ಇದು ಶುರುವಾದದ್ದಕ್ಕೂ ಒಂದು ಕಾರಣವಿತ್ತು. ಊರಿನ ವ್ಯಾಪಾರಿ ಯಂಕಣ್ಣ ಒಂದು ಹಿಡಿ ಹತ್ತಿ ತೆಗೆದು ಕೆನ್ನೆಗೆ ಒತ್ತಿ ನೋಡುತ್ತಿದ್ದ. ಹತ್ತಿ ಒಣಗಿದ್ದರೂ ಅಷ್ಟೇ, ಹಸಿಯಾಗಿದ್ದರೂ ಅಷ್ಟೇ, 'ತೇವ ಐತಿ' ಎಂದು ತೂಕದಲ್ಲಿ ಇಷ್ಟು ಅಂತ ಕಡಿದುಬಿಡುತ್ತಿದ್ದ. ಆ ಕಡಿತಕ್ಕೆ ತರುಗು ಎಂದು ಹೆಸರು. ಅವನು ಕಡಿಯುತ್ತಾನೆಂದು ಇವರು ನೀರು ಹಾಕುವುದು, ಇವರು ನೀರು ಹಾಕುತ್ತಾರೆಂದು ಅವನು ಕಡಿಯುವುದು. ಹುಚ್ಚು ಬಿಡುವ ತನಕ ಮದುವೆ ಆಗದು, ಮದುವೆ ಆಗುವ ತನಕ ಹುಚ್ಚು ಬಿಡದು ಎನ್ನುವ ಹಾಗೆ ವರ್ಷಗಳು ಕಳೆದವು. ಕೊನೆಗೆ ಕಡಿಮೆ ದರ ಸಿಗುತ್ತಿದ್ದುದು ಮಾತ್ರ ರೈತನಿಗೇ.

ಹೋದ ವರ್ಷ ಹಾಗೇ ಆಯಿತು. ಹತ್ತಿಯ ದುಡ್ಡು ಬೀಜ ಗೊಬ್ಬರಕ್ಕೇ ಮುಗಿದು, ಗಂಡ ಹೆಂಡತಿ ಮಗಳು ಕಾವ್ಯ ಮೂವರೂ ಕೂಲಿಗೆ ಜನ ಒಯ್ಯುವ ಮೇಸ್ತ್ರಿ ಯಲ್ಲಯ್ಯನ ಲಾರಿ ಹತ್ತಿದರು. ಊರಿನ ಹುಡುಗಿಯರು ಹತ್ತನೇ ತರಗತಿ ಪರೀಕ್ಷೆ ಬರೆಯುವಾಗ ಕಾವ್ಯ ಪುಣೆಯಲ್ಲಿ ಕಟ್ಟುವ ಮನೆಯ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅದು ಗುರಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಈ ವರ್ಷ ಹುಡುಗಿ ಮತ್ತೆ ಶಾಲೆಗೆ ಸೇರಿದ್ದಳು. ಹತ್ತಿಗೆ ಒಳ್ಳೆ ದರ ಬಂದರೆ ಊರಲ್ಲೇ ಉಳಿಯುವುದು, ಬರದಿದ್ದರೆ ಮತ್ತೆ ಅದೇ ಲಾರಿ.

ಮಹಿಳಾ ಸಂಘದ ಕೆಲಸ ನೋಡಿಕೊಳ್ಳುವ ಪದ್ಮಶ್ರೀ ದಸರೆಯ ಹೊತ್ತಿಗೇ ಮನೆಗೆ ಬಂದು ಹೇಳಿದ್ದಳು.

"ಅಕ್ಕಾ, ಈ ಸಲ ಯಂಕಣ್ಣಗ ಕೊಡಬ್ಯಾಡ್ರಿ. ಮಕ್ತಲ್ ಕಡೆ ಮಿಲ್ಲಿನಾಗ ಸರಕಾರಿ ಖರೀದಿ ಕೇಂದ್ರ ಐತಿ. ಅಲ್ಲಿ ಕೆನ್ನಿಗೆ ಒತ್ತಿ ನೋಡಂಗಿಲ್ಲ. ಮಿಷನ್ ಚುಚ್ಚಿ ನೋಡ್ತಾರ. ತೇವ ನೂರಕ್ಕ ಎಂಟರೊಳಗಿದ್ರ ಪೂರಾ ದರ. ಅದರ ಮ್ಯಾಲೆ ಹೋದಂಗ ದರ ಇಳೀತೈತಿ. ಹನ್ನೆರಡು ದಾಟಿದ್ರ ತಗೊಳ್ಳಂಗೇ ಇಲ್ಲ."

"ಮಿಷನ್ನಿಗೇನ್ ಗೊತ್ತಾಗ್ತೈತಿ ಹತ್ತೀದು?" ಎಂದ ಶಿವಶಂಕರಪ್ಪ ಕಟ್ಟೆಯ ಮೇಲಿಂದ. "ನಮ್ಮಪ್ಪನ ಕಾಲದಿಂದ ಹತ್ತಿ ಮಾರೀವಿ. ನೀರು ತೋರಿಸ್ದೆ ಹತ್ತಿ ಮಾರಿದ್ರ ಪುಕ್ಕಟೆ ಕೊಟ್ಟಂಗ."

"ನಿಮ್ಮಪ್ಪನ ಕಾಲದಿಂದ ಮಾರೀರಿ, ಅದಕ್ಕ ನಿಮ್ಮಪ್ಪನ ಕಾಲದ್ದೇ ತಗಡಿನ ಮನಿ ಐತಿ," ಎಂದಳು ಗುರಮ್ಮ. ಶಿವಶಂಕರಪ್ಪ ಬೀಡಿ ಹುಡುಕುವವನ ಹಾಗೆ ಎದ್ದುಹೋದ.

ಗುರಮ್ಮ ಪಟ್ಟು ಬಿಡಲಿಲ್ಲ. ಇಬ್ಬನಿ ಆರಿ ಬಿಸಿಲು ಬಂದ ಮೇಲೆಯೇ ಹತ್ತಿ ಬಿಡಿಸಿದಳು. ಒಣಗಿದ ಎಲೆಚೂರು ಆರಿಸಿ ತೆಗೆದಳು. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಟ್ಟು ಬಟ್ಟೆಯ ಅಂಡಿಗೆಗಳಲ್ಲಿ ತುಂಬಿದಳು. ಸಂಘದ ಐದು ಮಂದಿ ಹೆಂಗಸರು ಸೇರಿ ಒಂದೇ ಟ್ರ್ಯಾಕ್ಟರ್ ಬಾಡಿಗೆಗೆ ಮಾತಾಡಿದರು. ಅದರಲ್ಲಿ ಬುಚ್ಚಮ್ಮನೂ ಒಬ್ಬಳು, ಗಂಡನಿಲ್ಲದ, ಎರಡೆಕರೆ ಹೊಲವನ್ನು ತಾನೇ ದುಡಿಯುವ ಹೆಂಗಸು. ಹೇರುವ ಹಿಂದಿನ ದಿನ ಪದ್ಮಶ್ರೀ ಸರಕಾರ ರೈತರಿಗೆಂದು ಕಟ್ಟಿಸಿದ ರೈತು ವೇದಿಕೆಯಿಂದ ತೇವ ನೋಡುವ ಮಿಷನ್ ತಂದು ಎಲ್ಲರ ಹತ್ತಿಗೂ ಚುಚ್ಚಿ ನೋಡಿದಳು. ಎಲ್ಲವೂ ಎಂಟರ ಆಸುಪಾಸು.

"ಹಿಂಗೇ ಹೇರ್ರಿ ಅಕ್ಕಾ, ಬೇಫಿಕರ್ ಇರ್ರಿ," ಎಂದಳು.

ಮರುದಿನ ಬೆಳಗ್ಗೆ ಹೆಂಗಸರು ರೊಟ್ಟಿ ಮಾಡುವಷ್ಟರಲ್ಲಿ ಗಂಡಸರು ಟ್ರ್ಯಾಕ್ಟರ್ ಹೇರಿದ್ದರು. ಶಿವಶಂಕರಪ್ಪ ಬಹಳ ಉತ್ಸಾಹದಲ್ಲಿದ್ದ. ಗಂಡನಿಗೆ ಇಷ್ಟು ಹುಮ್ಮಸ್ಸು ಬಂದಾಗಲೇ ಸಂಶಯ ಪಡಬೇಕಿತ್ತು, ಗುರಮ್ಮ ಪಡಲಿಲ್ಲ. ಆಮೇಲೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು.

ಮಿಲ್ಲಿನ ಗೇಟಿನಲ್ಲಿ ಸಾಲು ಉದ್ದ ಇತ್ತು. ಇವರ ಪಾಳಿ ಬಂದಾಗ ಒಬ್ಬ ಹುದ್ದೇದಾರ ಟ್ರ್ಯಾಕ್ಟರ್ ಹತ್ತಿ ಅಂಡಿಗೆಯೊಳಗೆ ಮಿಷನ್ ಚುಚ್ಚಿದ. ಮುಖ ಗಂಟು ಹಾಕಿದ. ಇನ್ನೊಂದು ಅಂಡಿಗೆಗೆ ಚುಚ್ಚಿದ. ಮತ್ತೊಂದಕ್ಕೆ ಚುಚ್ಚಿದ.

"ತೇಮ ಎಕ್ಕುವುಂದಮ್ಮಾ. ಪನ್ನೆಂಡು ದಾಟಿಂದಿ. ತೀಸ್ಕೆಳ್ಳಂಡಿ," ಎಂದು ಕೆಳಗಿಳಿದ. ತೇವ ಹನ್ನೆರಡು ದಾಟಿದೆ, ವಾಪಸ್ ಒಯ್ಯಿರಿ ಎಂಬ ಮಾತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಿನ್ನೆ ಸಂಜೆ ಸರಿ ಇದ್ದ ಹತ್ತಿ ಬೆಳಗಾಗುವಷ್ಟರಲ್ಲಿ ಹೇಗೆ ಹಸಿಯಾಯಿತು? ಗುರಮ್ಮ ನಿಧಾನಕ್ಕೆ ತಿರುಗಿ ಗಂಡನನ್ನು ನೋಡಿದಳು. ಅವನು ಗಾಲಿಯ ಪಕ್ಕ ನಿಂತು ಕಿವಿಯ ಹಿಂದೆ ಕೆರೆದುಕೊಳ್ಳುತ್ತಿದ್ದ.

"ಏನ್ ಮಾಡೀರಿ?"

"ಏನಿಲ್ಲಲೇ. ನಾಕು ಕೊಡ. ಬರೇ ಚಿಮುಕಿಸೀನಿ."

"ನಮ್ಮ ಹತ್ತಿಗೆ?"

"ನಮ್ಮದೊಂದಕ್ಕೇ ಹಾಕಿದ್ರ ಹೆಂಗ? ಮಂದಿ ಏನಂತಾರ? ಎಲ್ಲರಿಗೂ ಹಾಕೀನಿ." ಅವನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು. "ಬುಚ್ಚಮ್ಮಗ ಪಾಪ, ಮನ್ಯಾಗ ಗಂಡು ದಿಕ್ಕಿಲ್ಲ. ಆಕಿ ಅಂಡಿಗಿಗೆ ಎರಡು ಕೊಡ ಜಾಸ್ತೀನೇ ಹಾಕೀನಿ."

ಗುರಮ್ಮನಿಗೆ ಅಳಬೇಕೋ ನಗಬೇಕೋ ಗಂಡನ ತಲೆಯ ಮೇಲೆ ಅಂಡಿಗೆ ಹೊರಿಸಬೇಕೋ ತಿಳಿಯಲಿಲ್ಲ. ಕಳ್ಳತನ ಮಾಡಿದವನನ್ನು ಬೈಯಬಹುದು. ಪುಣ್ಯ ಕಟ್ಟಿಕೊಳ್ಳುತ್ತೇನೆ ಎಂದು ಐದು ಮನೆಯ ಅನ್ನಕ್ಕೆ ನೀರು ಸುರಿದವನನ್ನು ಏನೆಂದು ಬೈಯುವುದು? ಸಾಲಿನಲ್ಲಿದ್ದ ಬೇರೆ ಊರಿನವರು ಇವರ ಕಡೆ ನೋಡಿ ನಗುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವರ ಮಾನ ನಾಲ್ಕು ಕೊಡ ನೀರಿಗೆ ಹೋಗಿತ್ತು.

ಅಷ್ಟರಲ್ಲಿ ವ್ಯಾಪಾರಿ ಯಂಕಣ್ಣ ಚಹಾ ಅಂಗಡಿಯಿಂದ ಎದ್ದು ಬಂದ. ಗೇಟಿನಿಂದ ವಾಪಸ್ ಬರುವ ಟ್ರ್ಯಾಕ್ಟರಿಗಾಗಿಯೇ ಅವನು ಅಲ್ಲಿ ಕೂತಿರುತ್ತಿದ್ದ.

"ಯಾಕ ತ್ರಾಸು ಮಾಡ್ಕೋತೀರಿ? ನಾ ತಗೋತೀನಿ. ತರುಗು ಮಾತ್ರ ಸ್ವಲ್ಪ ಜಾಸ್ತಿ ಆಗ್ತೈತಿ."

"ಕೊಟ್ಟು ಹೋಗೋಣಲೇ," ಎಂದ ಶಿವಶಂಕರಪ್ಪ ಮೆಲ್ಲಗೆ. "ಬಾಡಿಗಿ ಉಳೀತೈತಿ."

"ಬಾಡಿಗಿ ಉಳೀತೈತಿ, ಮಗಳು ಉಳಿಯಂಗಿಲ್ಲ!" ಗುರಮ್ಮನ ದನಿ ಇಡೀ ಸಾಲಿಗೆ ಕೇಳಿಸಿತು. "ಇಲ್ಲಿ ಕೊಟ್ಟು ಮನಿಗೆ ಹೋದ್ರ ನಾಳೆ ಯಲ್ಲಯ್ಯನ ಲಾರಿ. ಕಾವ್ಯ ಮತ್ತ ರೊಟ್ಟಿ ಬಡೀಬೇಕೇನು? ಆಕಿ ಮುಖ ನೋಡಿ ನೀವೇ ಹೇಳ್ರಿ, ನಾ ಹೇಳಂಗಿಲ್ಲ."

ಯಂಕಣ್ಣ ಮತ್ತೆ ಚಹಾ ಅಂಗಡಿಗೆ ಹೋದ. ಬುಚ್ಚಮ್ಮ ಪದ್ಮಶ್ರೀಗೆ ಫೋನು ಹಚ್ಚಿದಳು.

"ತಡ ಮಾಡಬ್ಯಾಡ್ರಿ ಅಕ್ಕಾ," ಎಂದಳು ಪದ್ಮಶ್ರೀ ಆ ಕಡೆಯಿಂದ. "ಹಸಿ ಹತ್ತಿ ಒತ್ತಿ ಇಟ್ರ ಒಳಗ ಕಾವು ಹಿಡೀತೈತಿ, ಹಳದಿ ಆಗ್ತೈತಿ. ಈಗ್ಲೇ ತಂದು ಬಿಸಿಲಿಗೆ ಹರವ್ರಿ. ನಾ ಬರ್ತೀನಿ."

ಊರ ಹೊರಗಿನ ಹಾಸುಬಂಡೆಯ ಮೇಲೆ ಹಳೆ ಸೀರೆ, ತಾಡಪಾಲು ಹಾಸಿ ಹತ್ತಿ ಸುರಿದರು. ಪದ್ಮಶ್ರೀ ಬಂದಳು. ಶಿವಶಂಕರಪ್ಪನಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಇಷ್ಟಾದ ಮೇಲೂ!

"ಒಣಗಿದ್ರ ತೂಕ ಹೋಗ್ತೈತಲ್ಲವ್ವಾ?"

"ಹೋಗ್ತೈತ್ರಿ. ಆದ್ರ ಹೋಗೋದು ನೀರು, ಹತ್ತಿ ಅಲ್ಲ," ಎಂದಳು ಪದ್ಮಶ್ರೀ. "ಯಂಕಣ್ಣನ ಹತ್ರ ನೀವು ನೀರು ಹಾಕಿ ಗಳಿಸಿದ್ದನ್ನ ಅವ ತರುಗಿನಾಗ ಕಳದ, ಮ್ಯಾಲೆ ದರಾನೂ ಇಳಿಸಿದ. ಖರೇ ಹೇಳ್ರಿ, ಒಂದು ವರ್ಷರ ನಿಮ್ಮ ನೀರಿಗೆ ಅವ ದುಡ್ಡು ಕೊಟ್ಟಾನೇನು?"

ಶಿವಶಂಕರಪ್ಪ ಲೆಕ್ಕ ಹಾಕುವವನ ಹಾಗೆ ಆಕಾಶ ನೋಡಿದ.

"ಮಿಷನ್ನಿಗೆ ಯಾರ ಮುಲಾಜೂ ಇಲ್ರಿ. ಹಸಿ ಇದ್ರ ಹಸಿ ಅಂತೈತಿ, ಒಣಗಿದ್ರ ಒಣಗೈತಿ ಅಂತೈತಿ. ಒಣಗಿದ ಹತ್ತೀನ ಹಸಿ ಅಂತ ಹೇಳಿ ಕಡ್ಯಾಕ ಅಲ್ಲಿ ಆಗಂಗಿಲ್ಲ. ಅದಾ ನಮಗ ಫಾಯಿದೆ."

ಶಿವಶಂಕರಪ್ಪ ಬಾಗಿ ಹತ್ತಿ ತಿರುವತೊಡಗಿದ. ತಿರುವುತ್ತ ತಿರುವುತ್ತ ಬುಚ್ಚಮ್ಮನ ರಾಶಿಗೆ ಬಂದ. ಎರಡು ಕೊಡ ಹೆಚ್ಚು ಬಿದ್ದಿದ್ದು ಅದಕ್ಕೇ. ಒಳಗೆ ಕೈ ಹಾಕಿದರೆ ಬೆಚ್ಚಗಿತ್ತು. ಒಂದಷ್ಟು ಹತ್ತಿ ಆಗಲೇ ಬಣ್ಣ ಕೆಟ್ಟಿತ್ತು. ಬುಚ್ಚಮ್ಮ ಬಿಸಿಲಲ್ಲಿ ಕೂತು ಕೆಟ್ಟದ್ದನ್ನು ಒಂದೊಂದೇ ಆರಿಸಿ ಬೇರೆ ಇಡುತ್ತಿದ್ದಳು. ಸೀರೆಯ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಬೈಯಲಿಲ್ಲ.

"ತಮ್ಮಾ," ಎಂದಳು ತಲೆ ಎತ್ತದೆ, "ನನ್ನ ಮ್ಯಾಲೆ ಇಷ್ಟು ಕನಿಕರ ಇಡಬ್ಯಾಡಪ್ಪ. ನಂಗ ತಡಕೊಳ್ಳಾಕ ಆಗಂಗಿಲ್ಲ."

ಹೆಂಡತಿಯ ಬೈಗುಳ, ಮಿಲ್ಲಿನ ಮಿಷನ್ನು, ಪದ್ಮಶ್ರೀಯ ಬುದ್ಧಿಮಾತು ಯಾವುದೂ ಮಾಡದ ಕೆಲಸವನ್ನು ಈ ಮಾತು ಮಾಡಿತು. ಶಿವಶಂಕರಪ್ಪ ತನ್ನ ರಾಶಿಯಿಂದ ಎರಡು ತೆಕ್ಕೆ ಒಳ್ಳೆ ಹತ್ತಿ ತಂದು ಬುಚ್ಚಮ್ಮನ ರಾಶಿಗೆ ಹಾಕಿ, ಅವಳು ಆರಿಸಿಟ್ಟ ಕೆಟ್ಟ ಹತ್ತಿಯನ್ನು ತಾನು ಬಾಚಿಕೊಂಡು ಹೋದ. ಗುರಮ್ಮ ನೋಡಿದಳು. ನಾಲಿಗೆಯ ತುದಿಗೆ ಬಂದಿದ್ದ ಬೈಗುಳ ನುಂಗಿಕೊಂಡಳು. ಮದುವೆಯಾದಂದಿನಿಂದ ಹೀಗಾದದ್ದು ಬಹುಶಃ ಅದೇ ಮೊದಲು.

ಹತ್ತಿ ಚೆನ್ನಾಗಿ ಒಣಗಿದ ಮೇಲೆ ಪದ್ಮಶ್ರೀ ಮತ್ತೆ ಮಿಷನ್ ಚುಚ್ಚಿದಳು. ಎರಡನೇ ಸಲ ಟ್ರ್ಯಾಕ್ಟರ್ ಹೇರುವಾಗ ಗುರಮ್ಮ ಮನೆಯ ಕೊಡಗಳನ್ನೆಲ್ಲ ಒಳಗಿಟ್ಟು ಬೀಗ ಹಾಕಿದ್ದಳು. ನಂಬಿಕೆ ಬೇರೆ, ಬೀಗ ಬೇರೆ. ಈ ಸಲ ಗೇಟಿನಲ್ಲಿ ಹುದ್ದೇದಾರ ಮಿಷನ್ ನೋಡಿ ತಲೆ ಆಡಿಸಿ ಟ್ರ್ಯಾಕ್ಟರನ್ನು ಒಳಗೆ ಬಿಟ್ಟ. ಎರಡು ಸಲದ ಬಾಡಿಗೆ ಹೋಯಿತು, ಹೋಗಲಿ. ಸರಕಾರಿ ದರ ತರುಗಿಲ್ಲದೆ ಐದೂ ಮನೆಯವರ ಬ್ಯಾಂಕ್ ಖಾತೆಗೆ ಬಂದು ಬಿತ್ತು.

ಸಂಕ್ರಾಂತಿ ಕಳೆಯಿತು. ಮೇಸ್ತ್ರಿ ಯಲ್ಲಯ್ಯ ಮನೆ ಮುಂದೆ ಬಂದು ನಿಂತ.

"ಏನ್ ಶಿವಶಂಕರಪ್ಪಾ, ಸಾಮಾನು ಕಟ್ಟಿರೇನು? ಲಾರಿ ತಯಾರೈತಿ. ಮೂರು ಮಂದಿ ಅಲ್ಲೇನು?"

ಗುರಮ್ಮ ಒಳಗಿಂದ ಬಾಗಿಲ ಸಂದಿಗೆ ಕಿವಿ ಇಟ್ಟಳು. ಈ ಮನುಷ್ಯನ ಬಾಯಿಂದ ಯಾವ ಹೊತ್ತಿನಲ್ಲಿ ಏನು ಬರುತ್ತದೋ ಹೇಳಲಿಕ್ಕೆ ಆಗುತ್ತಿರಲಿಲ್ಲ.

"ಯಾರೂ ಇಲ್ಲಪ್ಪ," ಎಂದ ಶಿವಶಂಕರಪ್ಪ. "ನನ್ನ ಮಗಳದು ಪರೀಕ್ಷಾ ಐತಿ. ಆಕಿ ಓದಾಕ ಕುಂತಾಳ. ಜೋರು ಮಾತಾಡಬ್ಯಾಡ, ಆಚೆ ಹೋಗಿ ಮಾತಾಡೋಣ ಬಾ."

ಗುರಮ್ಮ ಗೋಡೆಗೆ ಒರಗಿ ಕೂತು ಗಳಗಳನೆ ಅತ್ತಳು. ಕಾವ್ಯ ಪುಸ್ತಕ ಮಡಚಿಟ್ಟು ತಾಯಿಯ ಹತ್ತಿರ ಬಂದು ಕೂತಳು.

ಅಣ್ಣಂದಿರೇ, ಅಕ್ಕಂದಿರೇ, ಈ ಕಥೆ ಓದಿ ನಗುತ್ತಿರುವ ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಒಬ್ಬ ಶಿವಶಂಕರಪ್ಪ ಇದ್ದಾನೆ ಎಂದು ನಮಗೆ ಗೊತ್ತು. ಎಷ್ಟು ಹೇಳಿದರೂ ಕೇಳದವರಿಗೆ ಇನ್ನೊಂದು ಸಲ ಹೇಳುತ್ತಿದ್ದೇವೆ. ಇಬ್ಬನಿ ಆರಿದ ಮೇಲೆ ಹತ್ತಿ ಬಿಡಿಸಿ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಬೇಡಿ. ಬಿಸಿಲಿಗೆ ಹರವಿ ಒಣಗಿಸಿ, ರೈತು ವೇದಿಕೆಯಲ್ಲಿ ಕೇಳಿ ತೇವ ನೋಡಿಸಿ, ಆಮೇಲೆ ಹೇರಿ. ಹೊಲದ ಪಾಸ್‌ಬುಕ್, ಆಧಾರ್, ಬ್ಯಾಂಕ್ ಖಾತೆಯ ವಿವರ ಜೊತೆಗಿರಲಿ. ನಾಲ್ಕು ಮನೆಯವರು ಸೇರಿ ಹೋದರೆ ಬಾಡಿಗೆ ಹಗುರ. ಮತ್ತು ದಯವಿಟ್ಟು, ಕೈಮುಗಿದು ಕೇಳುತ್ತೇವೆ, ಹತ್ತಿಗೆ ನೀರು ಹಾಕಬೇಡಿ. ನಿಮ್ಮದಕ್ಕೂ ಬೇಡ, ಪಕ್ಕದವರದಕ್ಕಂತೂ ಬೇಡವೇ ಬೇಡ.

ಹೊಲದಲ್ಲಿ ಬೆಳೆ ಹೆಚ್ಚಾದರೆ ಸಾಲದು, ಅದರ ಬೆಲೆ ಮನೆಗೆ ಬರಬೇಕು. ಈ ವರ್ಷ ಪುಣೆಗೆ ಹೋಗುವ ಲಾರಿಯಲ್ಲಿ ನಿಮ್ಮ ಮಗಳ ಜಾಗ ಖಾಲಿ ಇರಲಿ.