ಪಕ್ಕದ ಸೀಟಿಗೆ ತಣ್ಣನೆ ಗಾಳಿ

ವರ್ಲಿನ್ ಕಾಲುಗಳನ್ನು ಸೀಟಿನ ಬೆನ್ನಿನ ಮೇಲೆ ಚಾಚಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿಕೊಂಡು ಅಂಗಾತ ಮಲಗಿದ್ದ. ಕೊನೆಯ ನಟ್ಟು ಕೈಗೆ ಸಿಗುತ್ತಿರಲಿಲ್ಲ. ಹಿಂದಿನ ವಾರವಷ್ಟೇ ಅವನೇ ಕೂರಿಸಿದ್ದ ಎ.ಸಿ. ಪೆಟ್ಟಿಗೆಯನ್ನು ಈಗ ಮತ್ತೆ ಇಳಿಸಬೇಕಾಗಿತ್ತು. ಮರುಭೂಮಿಯ ಊರಾದ ಟೂಸಾನಿನ ಜೂನ್ ಬಿಸಿಲು ಬೆಳಿಗ್ಗೆಯೇ ಗರಾಜಿನ ತಗಡು ಬಾಗಿಲನ್ನು ಕಾವಲಿಯ ಹಾಗೆ ಕಾಯಿಸಿಬಿಟ್ಟಿತ್ತು.

ಅದು ಕಿತ್ತಳೆ ಬಣ್ಣದ ಹಳೆಯ ಡಾಟ್ಸನ್, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಹೆದ್ದಾರಿ ಇಲಾಖೆಯಲ್ಲಿ ಮಣ್ಣು ಸಮ ಮಾಡುವ ಯಂತ್ರ ಓಡಿಸುತ್ತಿದ್ದ ಕಾಲದಲ್ಲಿ ಕೊಂಡದ್ದು. ಈ ಊರಲ್ಲಿ ತಂಪಿಲ್ಲದ ಕಾರು ಯಾರಿಗೆ ಬೇಕು ಎಂದು ಮಾರಿದವನೇ ಆ ಪೆಟ್ಟಿಗೆ ಜೋಡಿಸಿ ಕೊಟ್ಟಿದ್ದ. ವರ್ಲಿನ್ ಮತ್ತು ಅವನ ಹೆಂಡತಿ ಆರ್ಡಿಸ್ ಆ ಕಾರಿನಲ್ಲಿ ಸುತ್ತದ ರಸ್ತೆಯಿರಲಿಲ್ಲ.

ಆಮೇಲೆ ಅವನಿಗೆ ಹಳೆಯ ಕಾರುಗಳ ಪ್ರದರ್ಶನಗಳ ಹುಚ್ಚು ಹಿಡಿಯಿತು. ಕಾರ್ಖಾನೆಯಿಂದ ಬಂದದ್ದಲ್ಲವೆಂದು ತೀರ್ಪುಗಾರರು ಆ ಪೆಟ್ಟಿಗೆಗೆ ಅಂಕ ಕಳೆಯುತ್ತಿದ್ದರು. ಒಂದು ಚಳಿಗಾಲ ಅದನ್ನು ಬಿಚ್ಚಿ, ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೇರಿಸಿದ. ಬಹುಮಾನಗಳು ಬರತೊಡಗಿದವು. ಆರ್ಡಿಸ್ ಒಂದು ಬೇಸಿಗೆ ಒದ್ದೆ ಟವೆಲ್ಲನ್ನು ಕುತ್ತಿಗೆಗೆ ಸುತ್ತಿಕೊಂಡು ಜೊತೆಗೆ ಹೋದಳು. ದಾರಿಯಲ್ಲಿ ತಲೆ ಸುತ್ತಿ ವಾಂತಿಯಾಯಿತು. ಅಂದಿನಿಂದ ತನ್ನ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಅವನ ಹಿಂದೆ ಬರುತ್ತಿದ್ದಳು. ಗೊಣಗಲಿಲ್ಲ. ಒಬ್ಬಳೇ ರೇಡಿಯೊ ಕೇಳುವುದು ಅವಳಿಗೆ ಅಭ್ಯಾಸವಾಗಿಹೋಯಿತು.

ಈ ವಸಂತದ ಪ್ರದರ್ಶನದಲ್ಲಿ ಬಾಗಿಲಲ್ಲಿ ನಿಂತಿದ್ದ ಹೆಂಗಸು, ಯಾರನ್ನು ನೋಡಲು ಬಂದಿರಿ ಎಂದು ಆರ್ಡಿಸ್‌ಳನ್ನು ಮರ್ಯಾದೆಯಿಂದಲೇ ಕೇಳಿದಳು. "ಅಗೋ, ಆ ಕಿತ್ತಳೆ ಕಾರಿನ ಹತ್ರ ನಿಂತಿದಾನಲ್ಲ, ಅವನ್ನ. ಸ್ವಲ್ಪ ಪರಿಚಯ ಇದೆ," ಎಂದಳು ಆರ್ಡಿಸ್. ಎಲ್ಲರೂ ನಕ್ಕರು. ವರ್ಲಿನ್‌ನೂ ನಕ್ಕ. ಆದರೆ ಮನೆಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಹಿಂಬದಿಯ ಕನ್ನಡಿಯಲ್ಲಿ ಅವಳ ಕಾರನ್ನೇ ನೋಡುತ್ತ ಬಂದ. ಮಾರನೆಯ ದಿನ ಅಟ್ಟದಿಂದ ಪೆಟ್ಟಿಗೆ ಇಳಿಸಿದ.

ಒಳಗಿನ ಧೂಳು ತೊಳೆದ, ಪುಡಿಯಾಗಿದ್ದ ಸ್ಪಂಜು ಬದಲಿಸಿದ, ಕೊಳವೆಗಳ ಕೀಲುಗಳಿಗೆ ಹೊಸ ರಬ್ಬರ್ ಉಂಗುರ ಹಾಕಿದ. ಪೆಟ್ಟಿಗೆಯನ್ನು ಕೂರಿಸಿ, ಗ್ಯಾಸ್ ತುಂಬಿಸಲು ಕಾರನ್ನು ಬ್ರಾಕಮಾಂಟೆ ಎಂಬವನ ಎ.ಸಿ. ಅಂಗಡಿಗೆ ಒಯ್ದ. ಬ್ರಾಕಮಾಂಟೆ ಮೊದಲು ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ನೋಡಿದರೆ ಮೀಟರಿನ ಮುಳ್ಳು ನಿಲ್ಲಲೇ ಇಲ್ಲ. ಎಲ್ಲೋ ಸೋರುತ್ತಿದೆ, ಎಲ್ಲ ಉಂಗುರ ಬದಲಿಸಿದೆಯಾ ಎಂದು ಕೇಳಿದ. ಪೆಟ್ಟಿಗೆಯ ಹಿಂಬದಿಯ ಉಂಗುರವೊಂದು ಕಣ್ಣಿಗೆ ಬೀಳದ್ದರಿಂದ ವರ್ಲಿನ್ ಅದನ್ನು ಹಾಗೇ ಬಿಟ್ಟಿದ್ದ. ಗ್ಯಾಸ್ ತುಂಬಿಸದೆ ಕಾರನ್ನು ವಾಪಸು ತಂದ.

"ಏನು, ಅಲ್ಲೇ ಸಂಸಾರ ಹೂಡಿದೀಯಾ?" ಎನ್ನುತ್ತ ಆರ್ಡಿಸ್ ಗರಾಜಿಗೆ ಬಂದಳು. ಅವಳ ಕೈಯಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿಯಿತ್ತು; ಹಲ್ಲಿನ ಡಾಕ್ಟರ ಬಳಿ ಕೆಲಸ ಬಿಟ್ಟ ದಿನ ನೆನಪಿಗೆಂದು ತಂದುಕೊಂಡದ್ದು. "ಸರಿ ಆಚೆ. ಬಾಚಿಹಲ್ಲಿನ ಹಿಂದೆ ನೋಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ಅವನು ತೆವಳಿ ಹೊರಬಂದ. ಅವಳು ಒಳಗೆ ನುಸುಳಿದಳು. ಅವಳ ಸಣ್ಣ ಕೈ ಸಂದಿಯೊಳಗೆ ಸಲೀಸಾಗಿ ಹೋಯಿತು. ನಟ್ಟು ಸಡಿಲವಾಗುವ ಸದ್ದು ಕೇಳಿತು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಮೆಲ್ಲಗೆ ಇಳಿಸಿದರು. ಹಳೆಯ ಉಂಗುರ ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. ಅವಳು ಅದನ್ನು ಕಿತ್ತೆಸೆದು, ಹೊಸದಕ್ಕೆ ಎಣ್ಣೆ ಸವರತೊಡಗಿದಳು.

"ವರ್ಲಿನ್, ನನಗೋಸ್ಕರ ಅಂತ ಮಾಡ್ತಿದ್ರೆ ಬೇಡ ಕಣೋ," ಎಂದಳು ತಲೆಯೆತ್ತದೆ. "ಇಷ್ಟು ವರ್ಷ ಪಾಲಿಶ್ ಹೊಡೆದಿದೀಯ. ಈಗ ಅಂಕ ಹೋಗುತ್ತೆ. ಹಿಂದೆ ಬರೋದಕ್ಕೆ ನನಗೇನೂ ಬೇಜಾರಿಲ್ಲ."

ಅವನು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ನನಗೆ ಬೇಜಾರಿದೆ," ಎಂದ. "ರಸ್ತೇಲಿ ಏನೋ ಕಾಣುತ್ತೆ, ಹೇಳೋಣ ಅಂತ ತಿರುಗ್ತೀನಿ. ಸೀಟಲ್ಲಿ ಪಾಲಿಶ್ ಡಬ್ಬ ಕೂತಿರುತ್ತೆ."

ಅವಳು ಉಂಗುರವನ್ನು ಕೊಳವೆಗೆ ಏರಿಸಿ, ಬೆರಳಿನಿಂದ ಸುತ್ತಲೂ ಒತ್ತಿ ಕೂರಿಸಿದಳು. "ಹಾಗಾದ್ರೆ ಹಿಡ್ಕೋ ಆ ಕಡೆ," ಎಂದಳು.

ಈ ಸಲ ಬ್ರಾಕಮಾಂಟೆಯ ಮೀಟರಿನ ಮುಳ್ಳು ಅಲುಗಲಿಲ್ಲ. ಬ್ರಾಕಮಾಂಟೆ ಗ್ಯಾಸ್ ತುಂಬಿಸಿ, ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿ ನೋಡಿ, ಆರ್ಡಿಸ್‌ಗೆ ಬಾಗಿಲು ತೆರೆದು ಹಿಡಿದ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಊರಿನ ಪಕ್ಕದ ಲೆಮನ್ ಬೆಟ್ಟಕ್ಕೆ ಹೊರಟರು. ತಪ್ಪಲಿನ ಉರಿಬಿಸಿಲಿನಲ್ಲಿ ಅವಳು ಬಿಡುವಿಲ್ಲದೆ ಮಾತಾಡಿದಳು. ಅವನು ಎಂಜಿನ್ ಬಿಸಿಯಾಗುತ್ತಿದೆಯೇ ಎಂದು ಆಗಾಗ ನೋಡುತ್ತ ಹೂಂಗುಟ್ಟಿದ. ಕಳ್ಳಿಗಿಡಗಳು ಮುಗಿದು ಪೈನ್ ಮರಗಳು ಶುರುವಾದವು. ಎದುರಿಗೆ ಬರುವ ಕಾರುಗಳ ಕಿಟಕಿಗಳೆಲ್ಲ ತೆರೆದಿದ್ದವು. ಹೊರಗೇ ಚಳಿಯಿದೆ, ಇನ್ನು ಎ.ಸಿ. ಆರಿಸೋಣವೇ ಎಂದು ಅವನು ಗುಂಡಿಯತ್ತ ಕೈ ಚಾಚಿದ.

"ಇರ್ಲಿ ಬಿಡು," ಎಂದಳು ಆರ್ಡಿಸ್. ಸೀಟಿನ ಹಿಂದೆ ಬಿದ್ದಿದ್ದ ಅವನ ಕೋಟನ್ನು ಎಳೆದುಕೊಂಡು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡಳು. ಆಮೇಲೆ ಗಾಳಿಯ ಕಿಂಡಿಯನ್ನು ತನ್ನ ಮುಖದ ಕಡೆಗೆ ಇನ್ನಷ್ಟು ತಿರುಗಿಸಿದಳು.