ಹಳದಿ ಗೆರೆ

ಗುಜರಿಯವನು ಸರಪಳಿ ಬಿಗಿಯುತ್ತಿದ್ದಾಗಲೂ ಮೆಕ್ಯಾನಿಕ್ ಆ ಕಾರಿನ ಕಡೆ ನೋಡಲಿಲ್ಲ. ಹದಿನೈದು ದಿನದಿಂದ ಅದು ಅವನ ಶೆಡ್ಡಿನಲ್ಲೇ ಮೂತಿ ಜಜ್ಜಿಸಿಕೊಂಡು ನಿಂತಿತ್ತು. ಊರವರ ಕಾರುಗಳ ಹೊಟ್ಟೆಯನ್ನೆಲ್ಲ ಬಗೆದು ನೋಡುವವನಿಗೆ ಸ್ವಂತ ಅಕ್ಕನ ಕಾರಿನಡಿ ತೂರಲು ಪುರುಸೊತ್ತಾಗಲಿಲ್ಲವಂತೆ. ಪುರುಸೊತ್ತು ಧಾರಾಳವಾಗಿತ್ತು, ಇಲ್ಲದ್ದು ಧೈರ್ಯ. ರಿಪೇರಿ ದಂಡ, ಗುಜರಿಗೆ ಹಾಕಿಬಿಡೋಣ ಎಂದು ಮೊದಲು ಹೇಳಿದವನೂ ಅವನೇ.

ಇಳಿಜಾರಿನ ತಿರುವಿನಲ್ಲಿ ಕಾರು ನೆಟ್ಟಗೆ ಹೋಗಿ ಗೋಡೆಗೆ ಗುದ್ದಿತ್ತು. ಓಡಿಸುತ್ತಿದ್ದ ಭಾವನಿಗೆ ಹಣೆಯ ಮೇಲೊಂದು ಗಾಯ. ಪಕ್ಕದಲ್ಲಿದ್ದ ಅಕ್ಕನ ಕಾಲು ಎರಡು ಕಡೆ ಮುರಿದಿತ್ತು. ಬ್ರೇಕ್ ಹಿಡಿಯಲಿಲ್ಲ ಎಂದು ಭಾವ ಆಸ್ಪತ್ರೆಯಲ್ಲಿ ಖಡಾಖಂಡಿತವಾಗಿ ಹೇಳಿದರು.

"ಹೋದ ವಾರ ತಾನೇ ನಾಲ್ಕೂ ಚಕ್ರಕ್ಕೆ ಹೊಸ ಬ್ರೇಕ್ ಪೈಪು ಹಾಕಿದೀನಿ. ಹಿಡೀದೆ ಎಲ್ಲಿಗೆ ಹೋಗುತ್ತೆ?" ಎಂದು ಇವನು ಎಲ್ಲರೆದುರು ಕೇಳಿಬಿಟ್ಟ. ಅಲ್ಲಿಗೆ ಭಾವನ ಮಾತಿಗೆ ಕವಡೆ ಕಿಮ್ಮತ್ತಿಲ್ಲದಂತಾಯಿತು. ಅಮ್ಮ ಅಳಿಯನ ಮುಖ ನೋಡುವುದನ್ನೇ ಬಿಟ್ಟರು. ಅಕ್ಕ ಆಸ್ಪತ್ರೆಯಿಂದ ಸೀದಾ ಅಮ್ಮನ ಮನೆಗೆ ಬಂದಳು. ಗಂಡನ ಜೊತೆ ಮಾತಿಲ್ಲ.

ಈಗ ಶೆಡ್ಡಿನಲ್ಲಿ ಭಾವ ಗುಜರಿಯವನ ಕಾಗದಕ್ಕೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತ, "ಕಾಲು ತಪ್ಪಿ ನಾನೇ ಆಕ್ಸಿಲರೇಟರ್ ಒತ್ತಿದ್ನೇನೋ ಕಣೋ," ಎಂದರು. "ನಿಮ್ಮಕ್ಕನ ಹತ್ರ ಹಾಗೇ ಒಪ್ಕೊಂಡುಬಿಡ್ತೀನಿ. ಆಗಲಾದ್ರೂ ಮಾತಾಡ್ತಾಳೋ ಏನೋ."

ಮೊದಲ ದಿನ 'ಹಿಡಿಯಲಿಲ್ಲ' ಎಂದವರು, ಆಮೇಲೆ 'ಹಿಡಿಯಲಿಲ್ಲ ಅನ್ಸುತ್ತೆ' ಎಂದಿದ್ದರು. ಇವತ್ತು ಈ ಮಾತಿಗೆ ಬಂದು ಮುಟ್ಟಿದ್ದಾರೆ.

"ಎರಡು ನಿಮಿಷ ತಡಿಯಪ್ಪ," ಎಂದು ಗುಜರಿಯವನಿಗೆ ಹೇಳಿ, ಟಾರ್ಚು ಹಿಡಿದು ಅಂಗಾತ ಮಲಗಿ ಕಾರಿನಡಿ ಸರಿದ.

ಯಾವ ನಟ್ಟನ್ನೇ ಆಗಲಿ, ಪೂರ್ತಿ ಬಿಗಿದ ಮೇಲೆ ಅದರ ಮೇಲೊಂದು ಹಳದಿ ಬಣ್ಣದ ಗೆರೆ ಎಳೆಯುವುದು ಅವನ ಪದ್ಧತಿ. ಗೆರೆ ಇದ್ದರೆ ಕೆಲಸ ಮುಗಿದಂತೆ. ಊಟವಾದ ಮೇಲೆ ತಟ್ಟೆಗೂ ಒಂದು ಗೆರೆ ಎಳೆಯುತ್ತಾನೆ ಎಂದು ಅಕ್ಕ ಗೇಲಿ ಮಾಡುತ್ತಿದ್ದಳು.

ಮುಂದಿನ ಬಲಚಕ್ರದ ಬ್ರೇಕ್ ಪೈಪಿನ ನಟ್ಟು: ಹಳದಿ. ಮುಂದಿನ ಎಡಚಕ್ರ ನುಜ್ಜುಗುಜ್ಜಾಗಿತ್ತು, ಆದರೂ ಹಳದಿ. ಹಿಂದಿನ ಬಲಚಕ್ರ: ಹಳದಿ. ಅವನು ಒಂದು ದೊಡ್ಡ ಉಸಿರು ಬಿಟ್ಟು ಹಿಂದಿನ ಎಡಚಕ್ರದತ್ತ ಟಾರ್ಚು ತಿರುಗಿಸಿದ.

ಅಲ್ಲಿ ಗೆರೆ ಇರಲಿಲ್ಲ. ನಟ್ಟಿನ ಸುತ್ತ ಬ್ರೇಕ್ ಆಯಿಲೆಲ್ಲ ಒಸರಿ ಹೋಗಿ ಧೂಳು ಮೆತ್ತಿಕೊಂಡಿತ್ತು. ಎರಡು ಬೆರಳಲ್ಲಿ ಹಿಡಿದರೆ ಸಾಕು, ನಟ್ಟು ಸಲೀಸಾಗಿ ತಿರುಗಿತು.

ಪೈಪು ಹಾಕಿದ ದಿನ ಅಕ್ಕ ಬುತ್ತಿ ತಂದಿದ್ದಳು. ಊಟ ಆರುತ್ತೆ ಬಾರೋ ಎಂದು ಕರೆದಳು. ಅವನು ಎದ್ದು ಕೈ ತೊಳೆದ. ಉಂಡು ಬಂದವನು ಸೀದಾ ಜಾಕ್ ಇಳಿಸಿದ್ದ.

ಬಣ್ಣದ ಡಬ್ಬಿ ಕೈಗೆಟುಕುವಷ್ಟರಲ್ಲೇ ಇತ್ತು. ಅದೂ ಬೇಕಿರಲಿಲ್ಲ. ಸುಮ್ಮನೆ ಹೊರಗೆ ಬಂದು ಮೈ ಕೊಡವಿಕೊಂಡರೆ ಸಂಜೆಯೊಳಗೆ ಕಾರು ತಗಡಾಗುತ್ತಿತ್ತು. ತಪ್ಪು ಒಪ್ಪಿಕೊಳ್ಳಲು ಭಾವ ತಯಾರಾಗಿಯೇ ನಿಂತಿದ್ದರು. ಅವರ ಚಪ್ಪಲಿ ಕಣ್ಣೆದುರಿಗೇ ಇತ್ತು.

"ಸಾಕು ಬಾರೋ," ಎಂದರು ಭಾವ. "ಸತ್ತ ಕಾರಿನ ನಾಡಿ ಏನು ಹಿಡಿದು ನೋಡ್ತೀಯ."

ಅವನು ಹೊರಗೆ ಬಂದ.

"ಸರಪಳಿ ಬಿಚ್ಚಪ್ಪ," ಎಂದ ಗುಜರಿಯವನಿಗೆ. "ಈ ಕಾರು ಕೊಡಲ್ಲ."

"ಆಟ ಆಡ್ತಿದೀರಾ?" ಗುಜರಿಯವನು ಸಿಡುಕಿದ. ಇವನು ಟಾರ್ಚನ್ನು ಭಾವನ ಕೈಗಿಟ್ಟ.

"ಭಾವ, ಹಿಂದಿನ ಎಡಚಕ್ರದ ಪೈಪು ನೀವೇ ನೋಡಿ."

ಭಾವ ಇಸ್ತ್ರಿ ಮಾಡಿದ ಅಂಗಿಯಲ್ಲೇ ಗ್ರೀಸು ಮೆತ್ತಿದ ನೆಲದ ಮೇಲೆ ಮಲಗಿ ಒಳಗೆ ಸರಿದರು.

"ಇದಕ್ಕೆ ನಿನ್ನ ಗೆರೆ ಇಲ್ವಲ್ಲೋ."

"ಇಲ್ಲ ಭಾವ. ಬಿಗಿ ಮಾಡೋದು ಮರೆತಿದ್ದೆ. ಅಕ್ಕನಿಗೆ, ಅಮ್ಮನಿಗೆ ನಾನೇ ಹೇಳ್ತೀನಿ. ಕರ್ಕೊಂಡು ಬಂದು ತೋರಿಸೋ ತನಕ ಕಾರು ಇಲ್ಲೇ ಇರಲಿ."

ಬೈಗುಳಕ್ಕೆ ಕಾದು ನಿಂತ. ಒದ್ದರೂ ಒದೆಸಿಕೊಳ್ಳಲು ಸಿದ್ಧನಾಗಿದ್ದ. ಕಾರಿನಡಿ ಟಾರ್ಚು ಆರಿತು.

"ಹಾಗಾದ್ರೆ," ಎಂದರು ಭಾವ, ಒಡೆದ ದನಿಯಲ್ಲಿ, "ನಾನು ಒತ್ತಿದ್ದು ಬ್ರೇಕೇ."