ಗಂಟು ಹಾಕದ ದಾರ

ಮೇಜಿನ ಮೇಲೆ ನನ್ನ ಪಾಲಿನ ದಾರ ಖಾಲಿ ಬಿದ್ದಿರುತ್ತಿತ್ತು. ಅಂಬುಜಾಕ್ಷಿ ಟೀಚರ್ ಎಂದರೆ ಇಂದಿಗೂ ನನಗೆ ಮೊದಲು ನೆನಪಾಗುವುದು ಅದೇ.

ಮದುವೆಯಾಗಿ ಹದಿನೆಂಟು ವರ್ಷ ಸ್ಪೇನಿನಲ್ಲಿದ್ದು, ಗಂಡ ತೀರಿಕೊಂಡ ಮೇಲೆ ಊರಿಗೆ ಮರಳಿದ ಅವರು ತಮ್ಮ ಹಜಾರದಲ್ಲಿ ನಾಲ್ಕೈದು ಮಂದಿಗೆ ಸ್ಪ್ಯಾನಿಷ್ ಭಾಷೆ ಕಲಿಸುತ್ತಿದ್ದರು. ಬಾಯಿಬಿಟ್ಟು ಒಂದು ವಾಕ್ಯ ಹೇಳಿದರೆ ಟೀಚರ್ ಸೂಜಿಯಿಂದ ಒಂದು ಜಾಜಿ ಮೊಗ್ಗನ್ನು ನಮ್ಮ ದಾರಕ್ಕೆ ಪೋಣಿಸುತ್ತಿದ್ದರು; ಹೇಳಿದಷ್ಟನ್ನು ಮುಡಿದು ಮನೆಗೆ ಹೋಗುವುದು. ಟೀಚರ್ ಮಾತ್ರ ಮುಡಿಯುತ್ತಿರಲಿಲ್ಲ. ಪದವಿ ಮುಗಿಸಿದ್ದರೂ ನಾಲ್ಕು ಜನರೆದುರು ನಾಲಿಗೆ ಏಳದ ನಾನು ಮೂರು ತಿಂಗಳು ಬೋಳು ಜಡೆಯಲ್ಲೇ ಮರಳಿದೆ. ನನ್ನ ಮಾತೆಲ್ಲ ದಿನಚರಿಗೆ. ಒಂದು ಹೂವನ್ನಾದರೂ ಗಳಿಸದವರ ಸ್ಪ್ಯಾನಿಷ್ ಪರೀಕ್ಷೆಯ ಅರ್ಜಿಗೆ ಸಹಿ ಇಲ್ಲವೆಂದು ಟೀಚರ್ ಹೇಳಿಯಾಗಿತ್ತು. ಅರ್ಜಿಗೆ ಕೊನೆಯ ದಿನದ ಮುನ್ನಾದಿನ ನಡೆದದ್ದು ಇದು.

ಆ ವಾರದ ಪಾಠ ಭೂತಕಾಲ.

“‘ಕಾಂತೋ’ ಅಂದ್ರೆ ಹಾಡಿದಳು. ಆಯ್ತು, ಮುಗೀತು, ಗಂಟು ಹಾಕು. ‘ಕಾಂತಾಬಾ’ ಅಂದ್ರೆ ಹಾಡ್ತಿದ್ದಳು. ದಿನಾ ಹಾಡ್ತಿದ್ದಳು. ಯಾವಾಗ ನಿಲ್ಲಿಸಿದ್ಲು ಅಂತ ಕೇಳೋ ಹಾಗಿಲ್ಲ. ದಾರ ಹಾಗೇ ಬಿಡು,” ಎಂದಿದ್ದರು ಟೀಚರ್.

ಬರೆದು ತಂದದ್ದನ್ನು ಟೀಚರ್ ಕೇಳಿದಾಗ, ನೋಟುಬುಕ್ಕಿನ ಹಾಗೆಯೇ ಕಂದು ಕಾಗದದ ಹೊದಿಕೆ ಹಾಕಿದ್ದ ದಿನಚರಿಯನ್ನು ತಪ್ಪಿ ಕೊಟ್ಟುಬಿಟ್ಟೆ. ಅದರಲ್ಲಿ ಆ ‘ಹಾಡ್ತಿದ್ದಳು’ ರೂಪ ಪಳಗಲೆಂದು ಟೀಚರ ಬಗ್ಗೆಯೇ ಸ್ಪ್ಯಾನಿಷಿನಲ್ಲಿ ಬರೆದಿದ್ದೆ. ಕಸಿದುಕೊಳ್ಳಲು ಕೈ ಚಾಚುವಷ್ಟರಲ್ಲಿ ಟೀಚರ್ ಹಾಳೆ ತೆರೆದಿದ್ದರು.

ಓದಿ ಮುಗಿಸಿ ಟೀಚರ್ ಕನ್ನಡಕದ ಮೇಲಿಂದ ನೋಡಿದರು. “ಏನೇ ಹುಡುಗಿ, ಎಲ್ಲಾ ‘ಮಾಡ್ತಿದ್ರು’ ಅಂತ ಬರೆದು, ನಾನಿನ್ನೂ ಕೂತಿರೋವಾಗ್ಲೇ ನನ್ನ ತಿಥಿ ಮಾಡಿಬಿಟ್ಯಾ?”

“ಮೂಗಿ ಅಂದ್ಕೊಂಡಿದ್ವಿ ಟೀಚರ್, ಒಳಗೊಳಗೇ ಕೊಲೆಗಾತಿ!” ಎಂದಳು ಪಕ್ಕದ ಮಂದಾಕಿನಿ.

“ನೀನು ಸುಮ್ನಿರೆ.” ಟೀಚರ್ ದಿನಚರಿಯನ್ನು ನನ್ನತ್ತ ತಳ್ಳಿದರು. “ಓದು. ನನ್ನ ಕಿವಿಗೂ ಬೀಳಲಿ.”

ಎದ್ದು ನಿಂತೆ. ಮೊದಲ ವಾಕ್ಯದ ಎರಡೇ ಪದಕ್ಕೆ ತಡವರಿಸಿದೆ. ನೀರು ಕುಡಿದು ಮತ್ತೆ ಹೇಳಿದೆ. ಟೀಚರ್ ಕಾಫಿ ಸೋಸುವಾಗ ಹಾಡುತ್ತಿದ್ದರು. ಒಂದು ಮೊಗ್ಗು ನನ್ನ ದಾರಕ್ಕೆ. ನೆತ್ತಿಯ ಮೇಲೇ ಇದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕುತ್ತಿದ್ದರು. ಇನ್ನೊಂದು. ಏಳನೆಯದು, ಕೊನೆಯದು: ನಾನು ಮಾತಾಡುವುದಿಲ್ಲವೆಂದು ಗೊತ್ತಿದ್ದೂ ದಿನವೂ ನನಗೆಂದು ಒಂದು ದಾರ ಕತ್ತರಿಸಿಡುತ್ತಿದ್ದರು.

ಟೀಚರ ಕೈಯ ಸೂಜಿ ಅರ್ಧದಲ್ಲಿ ನಿಂತಿತು. ಆಮೇಲೆ ಏಳನೆಯ ಮೊಗ್ಗೂ ಒಳಗೆ ಸರಿಯಿತು.

“ತಗೋ, ಮುಡ್ಕೋ,” ಎಂದರು.

ನಾನು ಆ ದಾರ ತೆಗೆದುಕೊಂಡು, ಮೇಜು ಸುತ್ತಿ ಅವರ ಬೆನ್ನಹಿಂದೆ ಹೋದೆ.

“ಏ, ನನಗ್ಯಾಕೇ ಈಗ ಹೂವು?”

“ಹೇಳಿದ್ದೆಲ್ಲ ನಿಮ್ಮ ಬಗ್ಗೆ ಅಲ್ವಾ ಟೀಚರ್?”

ಅವರು ತಲೆ ಬಾಗಿಸಿದರು. ಬಿಳಿ ತುರುಬಿಗೆ ಹೂ ಸಿಕ್ಕಿಸುತ್ತಾ ಹೇಳಿದೆ: “ಗಂಟು ಹಾಕಿಲ್ಲ. ಉದುರೀತು.”

“ಇರಲಿ ಬಿಡೇ. ಎಲ್ಲಿ ನಿನ್ನ ಅರ್ಜಿ?”

ಸಹಿ ಹಾಕಲು ಅವರು ಬಾಗಿದಾಗ, ಕತ್ತಿನ ಮೇಲೆ ದಾರದ ತುದಿ ಮೆಲ್ಲಗೆ ಅಲುಗುತ್ತಿತ್ತು.